ನಮ್ಮ ಅತ್ತೆ ದೇವರಾಗಿದ್ದ ಆ ವರ್ಷ

ನಾನು ಮಾಡಿದ ಸಾರನ್ನು ನಮ್ಮ ಅತ್ತೆ ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ಹುಳಿ ಮುಂದಾಗಿರುತ್ತಿತ್ತು, ಇಲ್ಲವೇ ಉಪ್ಪು ಹಿಂದಾಗಿರುತ್ತಿತ್ತು, ಎರಡೂ ಸರಿಯಿದ್ದ ದಿನ ಒಗ್ಗರಣೆ ಸೀದಿರುತ್ತಿತ್ತು. ಮದುವೆಯಾಗಿ ಹಗರಿಬೊಮ್ಮನಹಳ್ಳಿಯ ಈ ಮನೆಗೆ ಬಂದ ಹೊಸದರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತಿದ್ದೇನೆ. ಆಮೇಲೆ ತಿರುಗಿ ಮಾತಾಡುವುದನ್ನು ಕಲಿತೆ. ನನಗೆ ಮೂಗಿನ ತುದಿಯಲ್ಲಿ ಸಿಟ್ಟು, ಅವರಿಗೆ ನಾಲಿಗೆಯ ತುದಿಯಲ್ಲಿ. "ಏನ್ ಟೀಚರಮ್ಮ, ಇವತ್ತು ಹುಣಸಿಗಿಡಾನ ಕಡದು ಗಡಿಗ್ಯಾಗ ಹಾಕೀಯೇನ?" ಎಂದು ಅವರು ತಟ್ಟೆಯ ಮುಂದೆ ಕೂತು ಶುರು ಮಾಡಿದರೆ, ನಮ್ಮ ಯಜಮಾನರು ಟಿಕೆಟ್ಟಿನ ಚೀಲ ಹೆಗಲಿಗೇರಿಸಿ ಕೂಡ್ಲಿಗಿ ಡಿಪೋಕ್ಕೆ ಹೊರಟುಬಿಡುತ್ತಿದ್ದರು. ಅವರು ಬಸ್ ಕಂಡಕ್ಟರು. ಬಸ್ಸಿನಲ್ಲಿ ಸೀಟಿಗಾಗಿ ಬಡಿದಾಡುವವರನ್ನು ಸಮಾಧಾನ ಮಾಡುವುದು ಸುಲಭ, ಮನೆಯಲ್ಲಿ ಆಗುವುದಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತಿದ್ದರು.

ಹೀಗೆ ವರ್ಷಗಟ್ಟಲೆ ಜಗಳವಾಡಿ ನಮ್ಮ ಜಗಳಕ್ಕೆ ಒಂದು ಹದ ಬಂದಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಬಾಯಿಗೆ ಬಂದ ಮಾತನ್ನು ಮಕ್ಕಳ ಮುಂದೆ ನುಂಗಿ ನುಂಗಿ ಸಾಯಂಕಾಲ ಮನೆಗೆ ಬಂದರೆ, ಅತ್ತೆ ತಯಾರಾಗಿ ಕಾಯುತ್ತಿದ್ದರು. ಅದೇ ನನ್ನ ವಿಶ್ರಾಂತಿ.

ಅತ್ತೆ ಹಡಗಲಿಯ ಕಡೆಯವರು, ಮಲ್ಲಿಗೆ ತೋಟದಲ್ಲಿ ಬೆಳೆದವರು. ತವರಿನಿಂದ ತಂದ ಮಲ್ಲಿಗೆ ಗಿಡಗಳು ನಮ್ಮ ಹಿತ್ತಲಲ್ಲಿ ಇನ್ನೂ ಇವೆ. ಮಧ್ಯಾಹ್ನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಕಣ್ಣು ಬೀದಿಯ ಮೇಲೆ ಇಟ್ಟು, ಬೆರಳುಗಳಿಂದಲೇ ನೋಡುತ್ತ ಮಾಲೆ ಕಟ್ಟುವರು. ನಡಿಗೆಯೂ ಹಾಗೆಯೇ ಚುರುಕು. ಸಂತೆಗೆ ಹೊರಟರೆ ನಾನು ಅವರ ಹಿಂದೆ ಓಡಬೇಕಾಗುತ್ತಿತ್ತು. ಅಮಾವಾಸ್ಯೆಗೆ ಕೊಟ್ಟೂರಿಗೆ ಹರಕೆಯವರ ಜೊತೆ ಸೇರಿ ನಡೆದೇ ಹೋಗುತ್ತಿದ್ದರು. ಕಂಡಕ್ಟರನ ತಾಯಿ ನಡೆದುಕೊಂಡು ಹೋದರೆ ನನ್ನ ಮಾನ ಏನಾಗಬೇಕು ಎಂದು ಮಗ ಗೊಣಗಿದರೆ, "ನಿನ್ನ ಬಸ್ಸಿಗಿಂತ ಮೊದ್ಲ ಮುಟ್ತೀನಿ" ಎನ್ನುವರು.

ಇಂಥ ಅತ್ತೆ ದೇವರಾಗುತ್ತ ಬಂದರು.

ಮೊದಲು ಶುರುವಾದದ್ದು ಹೊಸ್ತಿಲಿನಿಂದ. ನಮ್ಮದು ಹಳೆಯ ಮನೆ, ಬಾಗಿಲ ಹೊಸ್ತಿಲು ಮೊಣಕಾಲಿನ ಅರ್ಧಕ್ಕೆ ಬರುವಷ್ಟು ಎತ್ತರ. ಅತ್ತೆ ಹೊರಗಿನಿಂದ ಬಂದವರು ಅದರ ಮುಂದೆ ನಿಲ್ಲುವರು. ಬಗ್ಗಿ, ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವರು. ಹಾಗೆಯೇ ಕಣ್ಣುಮುಚ್ಚಿ ಒಂದಷ್ಟು ಹೊತ್ತು ನಿಂತು ಆಮೇಲೆ ಒಳಗೆ ಬರುವರು. ಹೊಸ್ತಿಲಿಗೆ ನಮಸ್ಕರಿಸುವುದು ನಮ್ಮಲ್ಲಿ ಹೊಸತಲ್ಲ. ಹಬ್ಬಕ್ಕೆ ಅರಿಶಿಣ ಹಚ್ಚುತ್ತೇವೆ, ಹೂವಿಡುತ್ತೇವೆ. ಆದರೆ ಅತ್ತೆಯ ಭಕ್ತಿ ಕ್ರಮೇಣ ಅಡುಗೆಮನೆಯ ಹೊಸ್ತಿಲಿಗೂ ಹಬ್ಬಿತು, ಕೊನೆಗೆ ಬಚ್ಚಲಮನೆಗೂ ಬಂತು. "ಅತ್ತೀ, ಬಚ್ಚಲದಾಗ ಯಾವ ದೇವರದಾನ್ರಿ?" ಎಂದು ಕೆಣಕಿದೆ. ಅವರು ನನ್ನ ಕಡೆ ನೋಡಿ, ಸಾವಕಾಶವಾಗಿ, "ಎಲ್ಲಾ ಕಡಿ ಅದಾನವಾ" ಎಂದರು.

ಎರಡನೆಯದು ಮಡಿ. ನಮ್ಮ ಮನೆತನದಲ್ಲಿ ಮಡಿ ಹಿಡಿದವರು ಯಾರೂ ಇಲ್ಲ. ಅತ್ತೆ ಮಾತ್ರ ಹೊತ್ತುಹೊತ್ತಿಗೆ ಸ್ನಾನ ಮಾಡತೊಡಗಿದರು, ಸೀರೆ ಬದಲಿಸತೊಡಗಿದರು. ಒದ್ದೆ ಸೀರೆಯನ್ನು ಯಾರಿಗೂ ಮುಟ್ಟಗೊಡದೆ ತಾವೇ ಹಿಂಡಿ ಹಿತ್ತಲಲ್ಲಿ ಒಣಹಾಕುವರು. ತಂತಿಯ ತುಂಬ ಅವರ ಸೀರೆಗಳೇ ಹಾರಾಡುತ್ತಿದ್ದವು.

ಮೂರನೆಯದು ಮೌನ. ಮಾತು ಅಳೆದು ತೂಗಿ ಬರತೊಡಗಿತು, ಆಮೇಲೆ ಇನ್ನೂ ಕಡಿಮೆಯಾಯಿತು. ಏನು ಕೇಳಿದರೂ ಒಂದು ಗಳಿಗೆ ತಡೆದು, "ಚೊಲೋ ಐತಿ" ಎನ್ನುವರು. ಮಾಲೆ ಕಟ್ಟುತ್ತಿದ್ದರು, ಆದರೆ ಕೊನೆಯ ಗಂಟು ಹಾಕುವುದನ್ನು ಮರೆಯುತ್ತಿದ್ದರು. ಎತ್ತಿದರೆ ಹೂವು ಸರಸರನೆ ಜಾರಿ ಮಡಿಲಲ್ಲಿ ಬೀಳುತ್ತಿದ್ದವು.

ಹೊಸ್ತಿಲಿಗೆ ನಮಸ್ಕಾರ, ಮೇಲೆ ಮಡಿ, ಅದರ ಮೇಲೆ ಮೌನ. ನಮ್ಮ ಓಣಿಗೆ ಇನ್ನೇನು ಬೇಕು? ಎದುರುಮನೆಯ ಅಕ್ಕ ಎಂದರೆ ನಮ್ಮ ಓಣಿಯ ಬಾತ್ಮೀದಾರಳು. ಒಂದು ದಿನ ಉದುರಿದ ಆ ಮಲ್ಲಿಗೆಯನ್ನು ಸೆರಗಿನಲ್ಲಿ ಆರಿಸಿಕೊಂಡು, "ಇದು ಪ್ರಸಾದರಿ ಟೀಚರ್ರ, ಹಂಗ ಉದುರಂಗಿಲ್ಲ. ದೊಡ್ಡಮ್ಮ ಈಗ ನಮ್ಮಂಗ ಇಲ್ಲ, ಮ್ಯಾಲಕ್ಕ ಹೋಗ್ಯಾಳ" ಎಂದಳು. ಆ ವಾರವೇ ಪರೀಕ್ಷೆಗೆ ಹೊರಟ ಹುಡುಗಿಯರು ಬಂದು ಅತ್ತೆಯ ಕಾಲಿಗೆ ಬಿದ್ದರು. ನನ್ನ ಶಾಲೆಯ ಹುಡುಗಿಯರೇ! ನಾನು ಕಲಿಸಿದ ಪಾಠ ಬಿಟ್ಟು ನಮ್ಮತ್ತೆಯ ಕೈ ನಂಬಿದ್ದಾರಲ್ಲ ಎಂದು ಮೈ ಉರಿಯಿತು. ಅತ್ತೆ ಒಬ್ಬೊಬ್ಬರ ತಲೆಯ ಮೇಲೆ ಕೈಯಿಟ್ಟು "ಚೊಲೋ ಐತಿ" ಎಂದರು.

ಯಜಮಾನರಿಗಂತೂ ಹಿಗ್ಗೋ ಹಿಗ್ಗು. "ನೋಡು, ನಮ್ಮವ್ವ ಎಷ್ಟು ತಣ್ಣಗ ಆಗ್ಯಾಳ. ನೀವಿಬ್ರೂ ಈಗ ಎಷ್ಟು ಹೊಂದ್ಕೊಂಡೀರಿ" ಎಂದರು. ಹೊಂದಿಕೊಂಡದ್ದಲ್ಲ. ಎದುರಿನವರು ಕುಸ್ತಿಗೆ ಬರದಿದ್ದರೆ ಅಖಾಡದಲ್ಲಿ ಒಬ್ಬಳೇ ನಿಂತು ಏನು ಮಾಡಲಿ? ಮನೆ ತಣ್ಣಗಾಗಿತ್ತು, ನನಗೆ ಮಾತ್ರ ಸೇರುತ್ತಿರಲಿಲ್ಲ. ಏನೋ ಕೆಟ್ಟಿದೆ ಎನಿಸುತ್ತಿತ್ತು, ಏನೆಂದು ಹೇಳಲು ಬರುತ್ತಿರಲಿಲ್ಲ.

ಅದು ಕಣ್ಣಿಗೆ ಬಿದ್ದದ್ದು ತೆಲಿಗಿ ಎಂಬ ಊರಿನಲ್ಲಿ. ಯಜಮಾನರ ಚಿಕ್ಕಪ್ಪನ ಮಗನ ಮದುವೆಯಾಗಿ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಮದುಮಗಳು ಅದನ್ನು ಬಲಗಾಲಿನಿಂದ ಮೆಲ್ಲಗೆ ಒದ್ದು ಒಳಗೆ ಬರಬೇಕು. ಅದಕ್ಕೂ ಮುಂಚೆ ಮನೆತನದ ಹಿರಿಯಳು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಲಿ ಎಂದು ಅತ್ತೆಯನ್ನು ಮುಂದೆ ಬಿಟ್ಟರು. ಅತ್ತೆ ಹೊಸ್ತಿಲ ಮುಂದೆ ನಿಂತರು. ಬಗ್ಗಿದರು, ಮುಟ್ಟಿದರು, ಕಣ್ಣಿಗೊತ್ತಿಕೊಂಡರು. ಮತ್ತೆ ಬಗ್ಗಿದರು. ಬಾಜಾದವರು ಊದುತ್ತಲೇ ಇದ್ದರು, ಮದುಮಗಳು ಸೆರಗು ಹಿಡಿದು ಬೆವರುತ್ತಿದ್ದಳು. ಅತ್ತೆಯ ಭಕ್ತಿ ಕಂಡು ಹಿಂದೆ ನಿಂತ ಹೆಂಗಸರೂ ಕೈ ಮುಗಿಯತೊಡಗಿದರು. ಒಬ್ಬರು ಕಣ್ಣು ಒರೆಸಿಕೊಂಡರು.

ಅತ್ತೆಯ ಬೆನ್ನಿಗೇ ನಿಂತಿದ್ದ ನನಗೆ ಅವರ ಪಾದ ಕಾಣುತ್ತಿತ್ತು. ಅದು ಏಳುತ್ತಿರಲಿಲ್ಲ. ಸೊಂಟ ಮುಂದಕ್ಕೆ ಬಾಗಿತ್ತು, ತೋಳು ಬಾಗಿಲ ಚೌಕಟ್ಟು ಹಿಡಿದಿತ್ತು, ಮೈಯೆಲ್ಲ ಒಳಗೆ ಹೊರಟಿತ್ತು. ಪಾದ ಮಾತ್ರ ನೆಲಕ್ಕೆ ಅಂಟಿಕೊಂಡಂತೆ ಇತ್ತು. ಕೊನೆಗೆ ಒಮ್ಮೆಲೇ ಬಿಟ್ಟುಕೊಂಡಿತು. ಎತ್ತಿ ಇಟ್ಟ ಹೆಜ್ಜೆಯಲ್ಲ, ಎಳೆದ ಹೆಜ್ಜೆ. ಆ ರಭಸಕ್ಕೆ ಸೇರು ಉರುಳಿ ಅಕ್ಕಿಯೆಲ್ಲ ಒಳಗೆ ಚೆಲ್ಲಿತು. ಮದುಮಗಳು ಒದೆಯಬೇಕಾದ ಸೇರನ್ನು ನಮ್ಮತ್ತೆ ಒದ್ದಿದ್ದರು!

ಬಾಜಾ ನಿಂತಿತು. ಮದುಮಗಳ ತಾಯಿಯ ಮುಖ ಸಣ್ಣದಾಯಿತು. ಆಗ ಚಿಕ್ಕಪ್ಪನವರು ಗಂಟಲು ಸರಿಮಾಡಿಕೊಂಡು, "ಅಂಥಾಕಿ ಕಾಲಿಂದ ಬಿದ್ದೈತಿ ಅಂದ್ರ ಚೊಲೋನ ಆತು. ಲಕ್ಷ್ಮಿ ಈ ಮನಿಗೆ ಎರಡು ಸಲ ಬಂದಂಗ. ಇನ್ನೊಂದು ಸೇರು ತುಂಬ್ರಿ" ಎಂದರು. ಎಲ್ಲರೂ ನಕ್ಕರು, ಬಾಜಾ ಮತ್ತೆ ಶುರುವಾಯಿತು. ನಾನೂ ನಗಬೇಕಾಗಿತ್ತು. ಹಳೆಯ ಅತ್ತೆಯಾಗಿದ್ದರೆ ಆ ಮನೆಯವರು ಸೇರು ಇಟ್ಟ ಜಾಗದ ಬಗ್ಗೆಯೇ ಸಂಜೆಯವರೆಗೆ ಬೈಯುತ್ತಿದ್ದರು. ಇವರು ಗೋಡೆಗೊರಗಿ ಕೂತು ಚೆಲ್ಲಿದ ಅಕ್ಕಿಯನ್ನು ನೋಡುತ್ತಿದ್ದರು. ನನಗೆ ಹೆದರಿಕೆಯಾಯಿತು.

ಊರಿಗೆ ಬಂದವಳೇ ಒಂದು ಪರೀಕ್ಷೆ ಮಾಡಿದೆ. ನಾನು ವಿಜ್ಞಾನದ ಟೀಚರು, ಪ್ರಯೋಗವಿಲ್ಲದೆ ಯಾವುದನ್ನೂ ನಂಬುವವಳಲ್ಲ. ಮರುದಿನ ಸಾರಿಗೆ ಬೇಕೆಂದೇ ಹುಣಸೆಹಣ್ಣು ಹಿಡಿ ತುಂಬ ಹಾಕಿದೆ, ಉಪ್ಪು ಹಾಕಲೇ ಇಲ್ಲ, ಒಗ್ಗರಣೆ ಕರಕಲಾಗುವವರೆಗೆ ಬಿಟ್ಟೆ. ಅತ್ತೆಯ ಅನ್ನಕ್ಕೆ ಬಡಿಸಿ ಎದುರಿಗೆ ಕೂತೆ. ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಹುಳಿಗೆ ಹಣೆ ಸುಕ್ಕಾಯಿತು. "ಹೆಂಗೈತಿ ಅತ್ತಿ?" ಎಂದೆ. ಬೈಯಲಿ, ತಟ್ಟೆ ಸರಿಸಲಿ, ನನ್ನ ತವರನ್ನು ಎಳೆದು ತರಲಿ ಎಂದು ಕಾಯುತ್ತಿದ್ದೆ.

"ಚೊಲೋ ಐತಿ" ಎಂದರು.

ಎದ್ದು ಹಿತ್ತಲಿಗೆ ಹೋದೆ. ತಂತಿಯ ಮೇಲೆ ಸೀರೆಗಳು ಹಾರಾಡುತ್ತಿದ್ದವು. ಒಂದನ್ನು ಮೂಸಿ ನೋಡಿದೆ. ಮಡಿಯಲ್ಲ ಅದು. ಪಾಪ, ತಡೆಯಲಾಗದೆ ಒದ್ದೆಯಾದ ಸೀರೆಗಳನ್ನು ಆ ಬಿಗುಮಾನದ ಹೆಂಗಸು ಯಾರಿಗೂ ಹೇಳದೆ ತೊಳೆದು ಹಾಕುತ್ತಿದ್ದರು. ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣೀರು ಹಾಕಿದೆ.

ಯಜಮಾನರು ಡ್ಯೂಟಿ ಮುಗಿಸಿ ಬಂದಾಗ, ಡಾಕ್ಟರಿಗೆ ತೋರಿಸಬೇಕು ಎಂದೆ. "ಏನಾಗೈತಿ ಅಕಿಗೆ? ಬೈಯಲ್ಲ ಅಂತ ಡಾಕ್ಟರ ಹತ್ರ ಕರ್ಕೊಂಡು ಹೋಗಬೇಕೇನು? ಮಂದಿ ನಗ್ತಾರ" ಎಂದರು. "ನಗಲಿ ಬಿಡ್ರಿ. ನನಗ ದೇವರು ಬ್ಯಾಡ, ನಮ್ಮತ್ತಿ ಬೇಕು" ಎಂದೆ. ಅಷ್ಟು ಜೋರಾಗಿ ಹೇಳಿರಬೇಕು, ಎದುರುಮನೆಯ ಅಕ್ಕ ಕಿಟಕಿ ತೆರೆದಳು.

ನಮ್ಮೂರಿನ ಡಾಕ್ಟರು ಕಾಲು, ಸೀರೆ, ಮಾತು ಮೂರರ ಕಥೆಯನ್ನೂ ಕೇಳಿ, ಇವು ಮೂರೂ ಒಟ್ಟಿಗೆ ಬಂದಿದ್ದರೆ ದಾವಣಗೆರೆಯಲ್ಲಿ ನರದ ಡಾಕ್ಟರಿಗೆ ತೋರಿಸುವುದೇ ಒಳ್ಳೆಯದು ಎಂದರು. ಬಸ್ಸಿಗೆ ಹೋದೆವು. ಬಸ್ಸಿನ ಮೆಟ್ಟಿಲೇ ಅತ್ತೆಗೆ ಹೊಸ್ತಿಲಾಯಿತು. ನಿಂತರು, ಬಗ್ಗಿದರು, ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದೆ ಜನ ನೂಕುತ್ತಿದ್ದರು. ನಮ್ಮ ಯಜಮಾನರು ರಜೆಯ ಮೇಲಿದ್ದೇನೆ ಎಂಬುದನ್ನೇ ಮರೆತು, "ಹೋಲ್ಡಾನ್, ಹೋಲ್ಡಾನ್! ಯವ್ವಾ, ಹತ್ತು, ರೈಟ್, ರೈಟ್" ಎಂದು ಕೂಗಿದರು. ರೈಟ್ ಕೇಳಿದ್ದೇ ತಡ, ಅತ್ತೆ ಇನ್ನೂ ಕೆಳಗಿರುವಾಗಲೇ ಡ್ರೈವರು ಗಾಡಿ ಬಿಟ್ಟೇಬಿಟ್ಟ, ನಾಲ್ಕು ಮಾರು ಹೋಗಿ ನಿಲ್ಲಿಸಿದ. ಆ ಬಸ್ಸಿನ ನಿಜವಾದ ಕಂಡಕ್ಟರು ಇಳಿದು ಬಂದು, "ಅಣ್ಣಾರ, ಇದು ನಿಮ್ಮ ಗಾಡಿ ಅಲ್ಲ" ಎಂದು ಮುಖ ಗಂಟು ಹಾಕಿದ. ಕೊಟ್ಟೂರು ದಾಟಿ, ಹರಪನಹಳ್ಳಿ ದಾಟುವವರೆಗೂ ಕಂಡಕ್ಟರಿಬ್ಬರೂ ಮಾತಾಡಲಿಲ್ಲ. ಅತ್ತೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಕೊಟ್ಟೂರಿನವರೆಗೆ ಅವರು ಅಮಾವಾಸ್ಯೆಗೆ ನಡೆಯುತ್ತಿದ್ದ ದಾರಿ ಅದು.

ದಾವಣಗೆರೆಯ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಸ್ಕ್ಯಾನ್ ಮಾಡಿಸಿ, ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನ ನಡುವೆ ಚಿಟ್ಟೆಯ ರೆಕ್ಕೆಯಂತೆ ಕಪ್ಪು ಜಾಗ. "ಇಲ್ಲಿ ನೀರಿರುತ್ತೆ ಮೇಡಂ, ಎಲ್ಲರಿಗೂ ಇರುತ್ತೆ. ಇವರಿಗೆ ಜಾಸ್ತಿ ಆಗಿದೆ, ನೀರಿರುವ ಈ ಕೋಣೆಗಳು ಊದಿಕೊಂಡಿವೆ" ಎಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಬಾಯಿಬಿಟ್ಟುಕೊಂಡು ಕೇಳಿದೆ.

ನಮ್ಮ ಮಿದುಳು ನೀರಿನಲ್ಲಿ ತೇಲುತ್ತಿರುತ್ತದೆ. ಆ ನೀರು ನಿಂತ ನೀರಲ್ಲ. ದಿನವೆಲ್ಲ ಹೊಸದು ಹುಟ್ಟುತ್ತದೆ, ಹಳೆಯದು ಹರಿದು ರಕ್ತಕ್ಕೆ ಸೇರುತ್ತದೆ. ಮಿದುಳು ದುಡಿಯುತ್ತದೆ, ದುಡಿದಲ್ಲಿ ಕಸ ಬೀಳುತ್ತದೆ. ಈ ನೀರು ರಕ್ತನಾಳಗಳ ಪಕ್ಕದ ಸಂದುಗಳಲ್ಲಿ ಒಳಗಿಳಿದು ಆ ಕಸವನ್ನು ತೊಳೆದುಕೊಂಡು ಹೊರಗೆ ಹೋಗುತ್ತದಂತೆ. ನಾವು ಗಾಢವಾಗಿ ನಿದ್ದೆ ಮಾಡಿದಾಗ ಈ ಕೆಲಸ ಚುರುಕಾಗುತ್ತದೆ ಎಂದು ಹಲವರು ಹೇಳುತ್ತಾರೆ, ವಿಜ್ಞಾನಿಗಳಲ್ಲಿ ಇನ್ನೂ ವಾದ ಮುಗಿದಿಲ್ಲ. ನೀರು ಹೊರಹೋಗುವ ದಾರಿ ಮಂದವಾದರೆ ಅತ್ತೆಗೆ ಆದಂತೆ ಆಗುತ್ತದೆ: ಕಾಲು ನೆಲಕ್ಕಂಟುತ್ತದೆ, ಮೂತ್ರ ನಿಲ್ಲುವುದಿಲ್ಲ, ಯೋಚನೆ ನಿಧಾನವಾಗುತ್ತದೆ.

ಎಷ್ಟು ವರ್ಷ ಹತ್ತನೆಯ ತರಗತಿಗೆ ವಿಸರ್ಜನೆಯ ಪಾಠ ಮಾಡಿದ್ದೇನೆ! ಮೂತ್ರಪಿಂಡ, ಚರ್ಮ, ಶ್ವಾಸಕೋಶ ಎಂದು ಬಾಯಿಪಾಠ ಮಾಡಿಸಿದ್ದೇನೆ. ಇಷ್ಟು ದುಡಿಯುವ ಮಿದುಳು ತನ್ನ ಕಸವನ್ನು ಎಲ್ಲಿಗೆ ಹಾಕುತ್ತದೆ ಎಂದು ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ. ಅತ್ತೆಯ ಚಿಂತೆಯ ನಡುವೆಯೇ ನನಗೆ ಚಿಕ್ಕ ಹುಡುಗಿಯಂತೆ ಖುಷಿಯಾಯಿತು, ಹಾಗೆ ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಆಗ ಕೋಗಳಿಯ ನನ್ನ ದೊಡ್ಡಪ್ಪನ ನೆನಪು ಬಂತು. ಕೊನೆಗಾಲದಲ್ಲಿ ಅವರು ತಮ್ಮ ಮನೆಯ ಬಾಗಿಲಲ್ಲೇ ನಿಂತು ಇದು ಯಾರ ಮನೆ ಎಂದು ಕೇಳುತ್ತಿದ್ದರು. ಅವರಿಗೂ ಆದದ್ದು ಇದೇನಾ ಎಂದು ಕೇಳಿದೆ. ಅದು ಬೇರೆ ಕಾಯಿಲೆ ಎಂದರು ಡಾಕ್ಟರು. ಅಲ್ಲಿಯೂ ಮಿದುಳಿನಲ್ಲಿ ಕಸ ಕೂಡಿಕೊಳ್ಳುತ್ತದೆ, ತೊಳೆಯುವ ಕೆಲಸ ಕುಂಟುವುದು ಅದಕ್ಕೆ ಒಂದು ಕಾರಣವಿರಬಹುದೆಂದು ನೋಡುತ್ತಿದ್ದಾರೆ, ಆದರೆ ಅದನ್ನು ಹೀಗೆ ಬಸಿದು ತೆಗೆಯಲು ಬರುವುದಿಲ್ಲ. "ನಿಮ್ಮ ಅತ್ತೆಯದು ಬಸಿಯಲು ಬರೋ ಅಂಥದ್ದು ಇರಬಹುದು. ಬೆನ್ನಿಂದ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ನೋಡೋಣ. ನಡಿಗೆ ಸುಧಾರಿಸಿದರೆ ಮುಂದಿನ ಮಾತು" ಎಂದರು.

ನೀರು ತೆಗೆದರು. ನೋಡಿದರೆ ಕುಡಿಯುವ ನೀರಿನಷ್ಟೇ ತಿಳಿ. ಅತ್ತೆಯನ್ನು ಮಲಗಿಸಿ, ಮರುದಿನ ಬೆಳಿಗ್ಗೆ ಎಬ್ಬಿಸಿ ವರಾಂಡದಲ್ಲಿ ನಡೆಸಿದರು. ಮೊದಲ ಹೆಜ್ಜೆ ಸಣ್ಣದು. ಆಮೇಲಿನದು ಎದ್ದಿತು. ಹಿಮ್ಮಡಿ ಎದ್ದದ್ದನ್ನು ನಾನು ಕಣ್ಣಾರೆ ಕಂಡೆ! ಆಸ್ಪತ್ರೆಯ ಬಾಗಿಲುಗಳಿಗೆ ಹೊಸ್ತಿಲಿರುವುದಿಲ್ಲ. ನಮ್ಮ ಯಜಮಾನರು ಹೆಗಲ ಮೇಲಿನ ಟವೆಲ್ಲು ತೆಗೆದು, ಸುರುಳಿ ಸುತ್ತಿ ನೆಲದ ಮೇಲೆ ಅಡ್ಡಲಾಗಿ ಇಟ್ಟರು. "ಯವ್ವಾ, ಇದು ಹೊಸ್ತಿಲು ಅನ್ಕ. ದಾಟು" ಎಂದರು. ಅತ್ತೆ ಬಂದರು. ಬಗ್ಗಲಿಲ್ಲ, ಮುಟ್ಟಲಿಲ್ಲ, ದಾಟಿದರು. ಯಜಮಾನರು ಮೆಲ್ಲಗೆ "ರೈಟ್" ಎಂದರು. ಟವೆಲ್ಲು ಎತ್ತಿ ಮತ್ತೆ ಹೆಗಲಿಗೆ ಹಾಕಿಕೊಂಡರು.

ಹಾಸಿಗೆಯ ಮೇಲೆ ಕೂರಿಸಿ ನಾನು ಕೇಳಿದೆ. "ಅತ್ತೀ, ಹೊಸ್ತಿಲಿಗೆ ಅಷ್ಟು ಹೊತ್ತು ಯಾಕ ಕೈ ಮುಗೀತಿದ್ರಿ?"

"ಕಾಲು ಏಳ್ತಿರ್ಲಿಲ್ಲ" ಎಂದರು. ನಿಧಾನವಾಗಿ, ಆದರೆ ಎಷ್ಟೋ ತಿಂಗಳ ನಂತರ ಉದ್ದದ ಮಾತು. "ಸುಮ್ಕ ನಿಂತ್ರ, ಮುದುಕಿಗೆ ಏನಾತು ಅಂತ ಮಂದಿ ಕೇಳ್ತಾರ. ಬಗ್ಗಿ ನಮಸ್ಕಾರ ಮಾಡಿದ್ರ ಯಾರೂ ಏನೂ ಕೇಳಂಗಿಲ್ಲ. ಸೀರಿದೂ ಹಂಗ. ಮಡಿ ಅಂದ್ರ ಮುಗೀತು. ದೇವರ ಹೆಸರು ಮುಂದ ಮಾಡಿ ಮರ್ಯಾದಿ ಉಳಿಸ್ಕೊಂಡೆ."

"ನನಗರ ಹೇಳಬೇಕಿತ್ತಲ್ರಿ."

"ನಿನಗ ಹೇಳಿದ್ರ ನೀ ಪಾಠ ಮಾಡ್ತಿದ್ದಿ" ಎಂದರು. ಆಮೇಲೆ ಕಣ್ಣುಮುಚ್ಚಿ ಮಲಗಿದರು. ಅದು ಬೈಗುಳವೋ ಅಲ್ಲವೋ ಎಂದು ನಾನು ಬಹಳ ಹೊತ್ತು ಲೆಕ್ಕ ಹಾಕಿದೆ. ಅಲ್ಲ ಎನಿಸಿತು, ಅದರಲ್ಲಿ ಖಾರ ಇರಲಿಲ್ಲ.

ಊರಿಗೆ ಮರಳಿದ ಕೆಲವು ದಿನಕ್ಕೆ ಕಾಲು ಮತ್ತೆ ಅಂಟಿಕೊಂಡಿತು. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ನೀರು ಮತ್ತೆ ತುಂಬಿರುತ್ತದೆ. ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೆ ಸಣ್ಣ ಕೊಳವೆ ಇಟ್ಟರೆ ಹೆಚ್ಚಿನ ನೀರು ತಾನೇ ಇಳಿದು ಹೋಗುತ್ತದೆ. ಆದರೆ ತಲೆಗೆ ತೂತು ಕೊರೆಯಬೇಕು, ರಕ್ತ ಸೋರಬಹುದು, ನಂಜಾಗಬಹುದು, ಕೊಳವೆ ಕಟ್ಟಿಕೊಳ್ಳಬಹುದು. "ಕಾಲು ಸುಧಾರಿಸುವ ಭರವಸೆ ಹೆಚ್ಚು. ಮಾತು, ನೆನಪು ಎಷ್ಟು ವಾಪಸ್ ಬರುತ್ತೋ ನಾನು ಹೇಳಲಾರೆ" ಎಂದಿದ್ದರು ಡಾಕ್ಟರು. ಯಜಮಾನರು ಹಿಂದೆಮುಂದೆ ನೋಡಿದರು, ಈ ವಯಸ್ಸಿಗೆ ತಲೆ ಕೊರೆಸುವುದು ಯಾಕೆ ಎಂದರು. ಆದರೆ ಅತ್ತೆಯನ್ನೇ ಕೇಳದೆ ನಾವು ತೀರ್ಮಾನ ಮಾಡುವುದು ಸರಿಯಲ್ಲ ಎನಿಸಿ ಕೇಳಿದೆ. ಅವರು ಟವೆಲ್ಲು ನೋಡಿದರು, ಮಗನ ಹೆಗಲ ಮೇಲೆಯೇ ಇತ್ತು. "ಅವತ್ತು ದಾಟಿದ್ದು ನೆನಪೈತಿ. ಅದು ಬೇಕು ನನಗ" ಎಂದರು.

ಆಪರೇಷನ್ ಆಯಿತು. ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತು, ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ನೆನೆದೆ. ವಿಜ್ಞಾನದ ಟೀಚರು ನೆನೆಯಬಾರದೆಂದು ಎಲ್ಲಿಯೂ ಬರೆದಿಲ್ಲ. ಡಾಕ್ಟರು ಹೊರಬಂದು ಎಲ್ಲ ಸುಸೂತ್ರ ಎಂದಾಗ ಯಜಮಾನರು ಪಕ್ಕದ ಬೆಂಚಿನ ಅಪರಿಚಿತರನ್ನೇ ಅಪ್ಪಿಕೊಂಡರು.

ಅತ್ತೆಯ ತಲೆಯ ಒಂದು ಬದಿ ಬೋಳಿಸಿದ್ದರು. ಊರಿಗೆ ಬಂದ ದಿನ ಎದುರುಮನೆಯ ಅಕ್ಕ ಸೆರಗು ಸರಿಮಾಡಿಕೊಂಡು ಓಡಿ ಬಂದು, "ದೊಡ್ಡಮ್ಮ ಮುಡಿ ಕೊಟ್ಟು ಬಂದಾರ ನೋಡ್ರಿ" ಎಂದು ಕಾಲಿಗೆ ಬಿದ್ದಳು. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. "ಮುಡಿ ಅಲ್ಲಲೇ. ತೆಲಿಯಾಗಿನ ಬಚ್ಚಲ ಕಟ್ಟಿತ್ತು, ಪೈಪ್ ಹಾಕ್ಸೀವಿ. ನನ್ನ ಕಾಲಾಗ ಏನೈತಿ, ಏಳು" ಎಂದರು. ಡಾಕ್ಟರು ಅಷ್ಟು ಹೊತ್ತು ವಿವರಿಸಿದ್ದನ್ನು ಇಷ್ಟೇ ಮಾತಿನಲ್ಲಿ ಮುಗಿಸಿದರು. ಹತ್ತನೆಯ ತರಗತಿಗೆ ಮಿದುಳಿನ ಬಚ್ಚಲಿನ ಪಾಠವನ್ನು ನಾನು ಪುಸ್ತಕದಲ್ಲಿಲ್ಲದಿದ್ದರೂ ಮಾಡಿದೆ. ಮಕ್ಕಳು ಮೊದಲು ನಕ್ಕರು, ಆಮೇಲೆ ಪ್ರಶ್ನೆ ಕೇಳಿ ಕೇಳಿ ಮುಂದಿನ ಪೀರಿಯಡ್ಡಿನ ಮೇಷ್ಟ್ರನ್ನು ಬಾಗಿಲಲ್ಲೇ ನಿಲ್ಲಿಸಿದರು.

ದಿನಗಳು ಹೋದವು. ಕಾಲು ಮೊದಲು ಬಂತು. ಹೊಸ್ತಿಲನ್ನು ಒಂದೊಂದು ದಿನ ಚೌಕಟ್ಟು ಹಿಡಿದು, ಒಂದೊಂದು ದಿನ ಹಿಡಿಯದೆ ದಾಟತೊಡಗಿದರು. ಹಿತ್ತಲ ತಂತಿಯ ಮೇಲೆ ನನ್ನ ಸೀರೆಗೂ ಜಾಗ ಸಿಕ್ಕಿತು. ಆಮೇಲೆ ಗಂಟು ಬಂತು: ಒಂದು ಮಧ್ಯಾಹ್ನ ಮಾಲೆ ಎತ್ತಿದರೆ ಒಂದು ಹೂವೂ ಉದುರಲಿಲ್ಲ. ಪ್ರಸಾದಕ್ಕೆ ಬಂದಿದ್ದ ಎದುರುಮನೆಯ ಅಕ್ಕ ಬರಿಗೈಯಲ್ಲಿ ಹೋಗುತ್ತ, "ದೊಡ್ಡಮ್ಮ ಮತ್ತ ನಮ್ಮಂಗ ಆದ್ಳು" ಎಂದು ನಿಟ್ಟುಸಿರು ಬಿಟ್ಟಳು.

ಬೈಗುಳವೂ ಬಂತು, ಆದರೆ ನನಗಲ್ಲ. ಮಗ ಬೂಟು ನಡುಮನೆಯಲ್ಲಿ ಬಿಟ್ಟದ್ದಕ್ಕೆ ಬೈದರು. ಹಾಲಿನವನಿಗೆ, ನೀರಿನ ಹಾಲು ತಂದದ್ದಕ್ಕೆ ಬೈದರು. ಹಲವಾಗಲಿನಿಂದ ನೋಡಲು ಬಂದ ನಾದಿನಿಗೆ, ಹೊಳೆಯ ದಂಡೆಯ ಊರಿನವಳಾಗಿ ನಾಲ್ಕು ಮೀನು ತರಲಿಲ್ಲವೆಂದು ಬೈದರು. ಯಜಮಾನರು ಬೈಸಿಕೊಂಡು ಬಂದು ಹಲ್ಲು ಕಿರಿಯುತ್ತ, "ಇವತ್ತು ನನಗ ಎಮ್ಮಿ ಅಂದ್ಲು" ಎಂದು ಹೇಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಬಡಿಸಿದಾಗ ಮಾತ್ರ ಅತ್ತೆ ಒಂದು ಗಳಿಗೆ ತಡೆದು "ಚೊಲೋ ಐತಿ" ಎನ್ನುತ್ತಿದ್ದರು. ಆಪರೇಷನ್ ಮಾಡಿಸಿದವಳೆಂದು ನನ್ನ ಮೇಲೆ ದಾಕ್ಷಿಣ್ಯವೋ, ಇಲ್ಲ ನಾವಿಬ್ಬರೂ ವರ್ಷಗಟ್ಟಲೆ ಕಟ್ಟಿದ್ದ ಆ ಜಗಳವೇ ಆ ನೀರಿನ ಜೊತೆ ಬಸಿದುಹೋಯಿತೋ ತಿಳಿಯುತ್ತಿರಲಿಲ್ಲ. ಎಷ್ಟು ವಾಪಸ್ ಬರುತ್ತೋ ಹೇಳಲಾರೆ ಎಂದಿದ್ದರಲ್ಲ ಡಾಕ್ಟರು. ಇಷ್ಟು ಬಂದದ್ದೇ ದೊಡ್ಡದು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಿ ಮುಚ್ಚಿಟ್ಟಿದ್ದೆ. ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಮೂಗು ಅರಳಿಸಿದ್ದು ಕಂಡಿತು. ಎದ್ದರು. ನಡುಮನೆ ದಾಟಿ, ಅಡುಗೆಮನೆಯ ಹೊಸ್ತಿಲನ್ನು ದಾಟಿ ಬಂದರು. ದಾಟಿದ್ದು ಅವರ ಗಮನಕ್ಕೇ ಬರಲಿಲ್ಲ. ಮುಚ್ಚಳ ಎತ್ತಿ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು.

"ಇದೇನ್ ಸಾರೋ, ಚರ್ಮ ಹದ ಮಾಡೋ ನೀರೋ? ನಾ ಒಂದು ವರ್ಷ ಸುಮ್ಕಿದ್ರ ಕೈ ಇಷ್ಟು ಕೆಡಿಸ್ಕೊಂಡೀಯಲ್ಲ. ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳೇನ? ಸರಿ ಅತ್ಲಾಗ."

ನಾನು ಸರಿದೆ. ಹೇಳಬೇಕಾದ ಮಾತುಗಳು ಸಾಲುಗಟ್ಟಿ ಬಂದವು, ಕಣ್ಣೀರು ಅವಕ್ಕಿಂತ ಮೊದಲು ಬಂತು. ಗೋಡೆಯ ಕಡೆ ಮುಖ ಮಾಡಿ ಬೆಲ್ಲದ ಡಬ್ಬಿ ಹುಡುಕುವವಳಂತೆ ನಿಂತೆ. ಅತ್ತೆ ಸೌಟು ತಿರುಗಿಸುವುದನ್ನು ನಿಲ್ಲಿಸಿದರು. ನನ್ನ ಭುಜ ಹಿಡಿದು ತಿರುಗಿಸಿ, ಮುಖವನ್ನು ಹತ್ತಿರದಿಂದ ನೋಡಿದರು. ಅವರ ಕಣ್ಣಿನಲ್ಲಿ ಹೆದರಿಕೆ ಇತ್ತು.

"ಯಾಕವಾ? ಯಾಕ ಸುಮ್ಕ ನಿಂತಿ? ನಿನ್ನ ತೆಲಿಯಾಗೂ ನೀರು ನಿಂತೈತೇನ?"

"ಹುಳಿ ಸರಿಯಾಗೇ ಐತಿ" ಎಂದೆ. "ನಿಮ್ಮ ನಾಲಿಗಿ ಕೆಟ್ಟೈತಿ. ಉಂಡ್ರ ಉಣ್ರಿ, ಇಲ್ಲಂದ್ರ ಬಿಡ್ರಿ."

ಅತ್ತೆ ನನ್ನ ಭುಜ ಬಿಟ್ಟರು. "ಹಾಂ, ಏನೂ ಆಗಿಲ್ಲ ನಿನಗ" ಎಂದು ಒಲೆಯ ಕಡೆ ತಿರುಗಿ, ಬೆಲ್ಲ ಕೊಡು ಎಂದು ಕೈ ಚಾಚಿದರು.